ಪ್ರಯೋಗಪಶುವಿನ ದಾಂಪತ್ಯ

ನಾವು ‘ಪ್ರಯೋಗಪಶು’ ಎಂದು ಕರೆಯುವ ಗಿನಿಪಿಗ್ ಗಿನಿ ದೇಶದ್ದೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯ ದಂಶಕ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಆಹಾರಕ್ಕಾಗಿ ಪಳಗಿಸಿ, ಮನೆಯೊಳಗೆ ಗುಂಪಾಗಿ ಸಾಕಿದರು. ಅಲ್ಲಿ ಅದರ ಹೆಸರು ‘ಕುಯ್’. ಕೂಗಿನಿಂದಲೇ ಬಂದ ಹೆಸರೆನ್ನುವುದುಂಟು. ನಾಯಿಮರಿಯ ‘ಕುಂಯ್’ ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ.

16ನೆಯ ಶತಮಾನದಲ್ಲಿ ಯುರೋಪು ಸೇರಿದ ಮೇಲೆ ಅದು ಮುದ್ದಿನ ಪ್ರಾಣಿಯಾಯಿತು. 1882ರಲ್ಲಿ ಕ್ಷಯರೋಗಾಣುವನ್ನು ತೋರಿಸಿಕೊಟ್ಟ ರಾಬರ್ಟ್ ಕಾಖ್ ಕೂಡ ಅದನ್ನೇ ಬಳಸಿದನು. ಪಂಜರ ದೊರೆಯಿತು, ಬಳಗ ಎಷ್ಟೋ ಸಲ ತಪ್ಪಿತು.

ಜೊತೆಯಲ್ಲಿಟ್ಟರೆ ಅದರ ಸಂಸಾರ ಕಾಣುತ್ತದೆ. ಗಂಡು ಗಂಟಲೊಳಗೆ ಗುರುಗುಟ್ಟುತ್ತ, ಹಿಂಭಾಗವನ್ನು ಓಲಾಡಿಸುತ್ತ ಹೆಣ್ಣಿನ ಸುತ್ತ ನಿಧಾನವಾಗಿ ಹೆಜ್ಜೆಯಿಡುತ್ತದೆ. ಹೆಣ್ಣು ಬೆದೆಗೆ ಬರುವುದು ಸುಮಾರು 16 ದಿನಗಳಿಗೊಮ್ಮೆ. ಮನಸ್ಸಿಲ್ಲದಾಗ ಹಿಂದಕ್ಕೆ ಮೂತ್ರ ಚಿಮ್ಮಿಸಿ ಅಟ್ಟಿಬಿಡುತ್ತದೆ. ಇದನ್ನು ಜಗಳವೆಂದು ತಿಳಿದು ಜೋಡಿಯನ್ನು ಅಗಲಿಸುವವರ ಬಗ್ಗೆ ನನಗೆ ಕನಿಕರ. ಎರಡು ಹೆಣ್ಣುಗಳ ನಡುವೆಯೂ ಇದೇ ಗುರುಗುಟ್ಟುವಿಕೆ ಉಂಟು. ಅಲ್ಲಿ ಅದು ಯಜಮಾನಿಕೆಯ ಮಾತು.

ಜರ್ಮನಿಯ ನಾರ್ಬರ್ಟ್ ಸಾಕ್ಸರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇನ್ನೂ ಆಳಕ್ಕಿಳಿದರು. ಗಂಡನ್ನು ಹೊಸ ಜಾಗದಲ್ಲಿ ಬಿಟ್ಟರೆ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ. ತನ್ನ ಜೊತೆಗಾತಿ ಪಕ್ಕದಲ್ಲಿದ್ದರೆ ಆ ಏರಿಕೆ ಬಹಳ ತಗ್ಗುತ್ತದೆ. ಅಪರಿಚಿತ ಹೆಣ್ಣು ಇದ್ದರೆ ತಗ್ಗುವುದಿಲ್ಲ.

2008ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಣಿಸಂರಕ್ಷಣಾ ನಿಯಮವು ಗಿನಿಪಿಗ್ಗನ್ನು ಒಂಟಿಯಾಗಿ ಸಾಕಬಾರದೆಂದು ವಿಧಿಸಿತು.