ಸ್ಟಿಯರಿಂಗ್ ನಡುಗುತ್ತಿದೆಯೇ? ಬಿಡಿಭಾಗ ಬದಲಿಸುವ ಮುನ್ನ ಕಾರಣ ತಿಳಿಯಿರಿ

ಗಂಟೆಗೆ 70 ಕಿ.ಮೀ. ವೇಗದವರೆಗೆ ಕಾರು ತಣ್ಣಗೆ ಓಡುತ್ತದೆ. 80 ದಾಟುತ್ತಿದ್ದಂತೆ ಸ್ಟಿಯರಿಂಗ್ ಚಕ್ರ ಎಡಕ್ಕೂ ಬಲಕ್ಕೂ ಸಣ್ಣಗೆ ಅದುರತೊಡಗುತ್ತದೆ. 90ರ ಹೊತ್ತಿಗೆ ಅಂಗೈಗೆ ಜೋಮು ಹಿಡಿಸುವಷ್ಟು ನಡುಕ. 110 ದಾಟಿದರೆ ಏನೂ ಆಗಿಲ್ಲವೆಂಬಂತೆ ಮಾಯ. ಮಾಲೀಕರು ಗ್ಯಾರೇಜಿಗೆ ಧಾವಿಸುತ್ತಾರೆ. ವೀಲ್ ಬ್ಯಾಲೆನ್ಸಿಂಗ್ ಆಗುತ್ತದೆ, ಕೆಲ ದಿನ ನೆಮ್ಮದಿ, ಮತ್ತೆ ಅದೇ ನಡುಕ. ಬಳಿಕ ಬ್ರೇಕ್ ಡಿಸ್ಕ್ ಬದಲಾಗುತ್ತದೆ, ಆಮೇಲೆ ಟೈರು. ಹಣ ಕರಗುತ್ತದೆ, ನಡುಕ ಮಾತ್ರ ಉಳಿಯುತ್ತದೆ.

ಈ ಕಥೆ ಅತ್ಯಂತ ಸ್ಪಷ್ಟವಾಗಿ ಕಾಣಸಿಗುವ ಕಾರುಗಳಲ್ಲಿ ಒಂದು ಬಿಎಂಡಬ್ಲ್ಯು ಝಡ್3. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಸ್ಪಾರ್ಟನ್‌ಬರ್ಗ್ ಬಳಿಯ ಕಾರ್ಖಾನೆಯಲ್ಲಿ 1995ರಿಂದ 2002ರವರೆಗೆ ತಯಾರಾದ ಈ ಎರಡು ಆಸನಗಳ ಕಾರು, 1995ರ ಜೇಮ್ಸ್ ಬಾಂಡ್ ಚಿತ್ರ 'ಗೋಲ್ಡನ್ ಐ'ನಲ್ಲಿ ಕಾಣಿಸಿಕೊಂಡು ಮನೆಮಾತಾಯಿತು. ಇಂದು ಇದು ಹಳೆಯ ಕಾರು. ಅತಿ ಹೊಸದಕ್ಕೂ ಎರಡು ದಶಕ ಮೀರಿದೆ. ಯುರೋಪ್, ಅಮೆರಿಕಗಳಲ್ಲಿ ಕೈಗೆಟುಕುವ ಬೆಲೆಗೆ ಸಿಗುವುದರಿಂದ ಹವ್ಯಾಸಿಗಳ ಅಚ್ಚುಮೆಚ್ಚು. ಇದರ ಮುಂಭಾಗದ ಸಸ್ಪೆನ್ಷನ್ ಅದೇ ಕಾಲದ ಇ36 ಮಾದರಿಯ 3 ಸರಣಿ ಕಾರಿನ ಜಾತಿಗೆ ಸೇರಿದ್ದು. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಬಹುಪಾಲು ಆ ಸೆಡಾನ್‌ಗಳಿಗೂ, ತಪಾಸಣೆಯ ಕ್ರಮವು ಇನ್ನಾವುದೇ ಕಾರಿಗೂ ಅನ್ವಯಿಸುತ್ತದೆ.

ಅದುರಿಸುವುದು ಒಂದು, ಬಿಟ್ಟುಕೊಡುವುದು ಇನ್ನೊಂದು

ಮೊದಲು ಒಂದು ಸರಳ ಲೆಕ್ಕ. ಝಡ್3ರಲ್ಲಿ ಸಾಮಾನ್ಯವಾಗಿದ್ದ 225/50 ಆರ್16 ಅಳತೆಯ ಟೈರಿನ ಸುತ್ತಳತೆ ಹೆಚ್ಚುಕಡಿಮೆ 2 ಮೀಟರ್. 90 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಹನ್ನೆರಡೂವರೆ ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಕೇವಲ 30 ಗ್ರಾಂ ತೂಕ ಹೆಚ್ಚಿದ್ದರೂ ಆ ವೇಗದಲ್ಲಿ ಅದು ಸುಮಾರು 4 ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆಳೆಯುತ್ತದೆ. ಸೆಕೆಂಡಿಗೆ ಹನ್ನೆರಡೂವರೆ ಬಾರಿ, ದಿಕ್ಕು ಬದಲಿಸುತ್ತ. ವೇಗ ಅರ್ಧಕ್ಕಿಳಿದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ನಿಧಾನವಾಗಿ ಓಡಿಸುವಾಗ ನಡುಕ ಕಾಣದಿರುವುದು ಇದರಿಂದಲೇ.

ಹಾಗಾದರೆ 110ರ ನಂತರ ನಡುಕ ಹೆಚ್ಚಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಇಲ್ಲಿಯೇ ವಿಷಯದ ಗುಟ್ಟಿದೆ. ಚಕ್ರ, ಹಬ್, ಆರ್ಮ್ ಇವೆಲ್ಲ ರಬ್ಬರ್ ಬುಷ್‌ಗಳ ಮೇಲೆ ಕುಳಿತ ಭಾರ. ಅದಕ್ಕೊಂದು ಸ್ವಂತ ಕಂಪನ ಗತಿಯಿದೆ. ಅದು ಬಹುತೇಕ ಕಾರುಗಳಲ್ಲಿ ಸೆಕೆಂಡಿಗೆ ಸುಮಾರು 10ರಿಂದ 15 ಬಾರಿ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದಾಗ ಅದು ಮೇಲೆ ಮೇಲೆ ಹೋಗುವಂತೆ, ಚಕ್ರದ ಸುತ್ತಿನ ಗತಿಯೂ ಸಸ್ಪೆನ್ಷನ್ನಿನ ಗತಿಯೂ ಕೂಡಿದಾಗ ಸಣ್ಣ ಅಸಮತೋಲವೂ ದೊಡ್ಡದಾಗುತ್ತದೆ. ವೇಗ ಇನ್ನೂ ಏರಿದರೆ ಲಯ ತಪ್ಪುತ್ತದೆ, ನಡುಕ ಇಳಿಯುತ್ತದೆ.

ಬುಷ್ ಗಟ್ಟಿಯಾಗಿದ್ದಾಗ ಆ ಅದುರುವಿಕೆಯನ್ನು ಅದು ನುಂಗಿಕೊಳ್ಳುತ್ತದೆ. ಹರಿದಾಗ ಬಿಟ್ಟುಕೊಡುತ್ತದೆ. ಸವೆದ ಬುಷ್ ತಾನಾಗಿ ಕಂಪನ ಹುಟ್ಟಿಸುವುದಿಲ್ಲ. ಕಂಪನ ಹುಟ್ಟುವುದು ತಿರುಗುವ ವಸ್ತುವಿನಿಂದ ಮಾತ್ರ: ಟೈರು, ರಿಮ್, ಡಿಸ್ಕ್, ಆಕ್ಸಲ್. ಬ್ಯಾಲೆನ್ಸಿಂಗ್ ಮಾಡಿಸಿದಾಗ ಕೆಲ ದಿನ ಸರಿಹೋಗಿ ಮತ್ತೆ ನಡುಕ ಮರಳಿದರೆ, ಬುಷ್ ತನ್ನ ಕೆಲಸ ನಿಲ್ಲಿಸಿದೆ ಎಂದು ಅನುಮಾನಿಸಬೇಕು. ಒಂದನ್ನು ಮಾತ್ರ ಸರಿಪಡಿಸಿ ಇನ್ನೊಂದನ್ನು ಬಿಟ್ಟವರೇ ಗ್ಯಾರೇಜಿಗೆ ಮೇಲಿಂದ ಮೇಲೆ ಅಲೆಯುವವರು.

ಕಾರು ಎತ್ತುವ ಮುನ್ನ

ಮೆಕ್ಯಾನಿಕ್‌ಗಿಂತ ಮೊದಲು ಚಾಲಕರೇ ಮಾಡಬಹುದಾದ ಪರೀಕ್ಷೆಗಳಿವೆ. ಇವಕ್ಕೆ ಖರ್ಚಿಲ್ಲ. ನಡುಕ ಕೈಗೆ ತಿಳಿಯುತ್ತಿದೆಯೇ ಅಥವಾ ಆಸನಕ್ಕೆ ತಿಳಿಯುತ್ತಿದೆಯೇ ಎಂಬುದನ್ನು ಗಮನಿಸಿ. ಕೈಗಾದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಆಸನಕ್ಕಾದರೆ ಹಿಂದಿನದು. ನಡುಕದ ವೇಗದಲ್ಲಿ ಹೋಗುತ್ತಿರುವಾಗ, ಖಾಲಿ ರಸ್ತೆಯಲ್ಲಿ, ಗೇರನ್ನು ನ್ಯೂಟ್ರಲ್‌ಗೆ ತಂದು ನೋಡಿ. ನಡುಕ ಹಾಗೆಯೇ ಇದ್ದರೆ ಎಂಜಿನ್ ನಿರಪರಾಧಿ. ವೇಗ ಯಾವುದಿದ್ದರೂ ಎಂಜಿನ್ ಆರ್‌ಪಿಎಂಗೆ ತಕ್ಕಂತೆ ನಡುಕ ಬದಲಾದರೆ ಚಕ್ರ, ಸಸ್ಪೆನ್ಷನ್ ಬಿಟ್ಟು ಎಂಜಿನ್ ಮೌಂಟ್ ಕಡೆ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುವ ನಡುಕ ಪ್ರೊಪೆಲರ್ ಶಾಫ್ಟ್ ಅಥವಾ ಅದರ ರಬ್ಬರ್ ಕಪ್ಲಿಂಗ್‌ನತ್ತ ಬೆರಳು ತೋರಿಸುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಡಿಸ್ಕ್ ಬೆಂಡ್ ಆಗಿದೆ." ಈ ಮಾತು ಬಹುಪಾಲು ತಪ್ಪು. ಡಿಸ್ಕ್ ಬಾಗುವುದು ಅಪರೂಪ. ಅದರ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಗಳಷ್ಟು ವ್ಯತ್ಯಾಸ ಬಂದರೆ ಸಾಕು, ಪ್ಯಾಡ್ ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ. ಹಬ್ ಮತ್ತು ಡಿಸ್ಕಿನ ನಡುವೆ ಸಿಕ್ಕಿಕೊಂಡ ತುಕ್ಕಿನ ಒಂದು ಚೂರು ಡಿಸ್ಕನ್ನು ಓರೆ ಮಾಡಿ, ಸಾವಿರಾರು ಕಿಲೋಮೀಟರಿನ ಓಟದಲ್ಲಿ ಈ ವ್ಯತ್ಯಾಸವನ್ನು ತಂದೊಡ್ಡುತ್ತದೆ. ಹಬ್ಬಿನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ಅದೇ ರೋಗ ಮರುಕಳಿಸುತ್ತದೆ.

ಝಡ್3ರ ವಿಚಾರದಲ್ಲಿ ಇನ್ನೊಂದು ತಿರುವಿದೆ. ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ನೂಕುತ್ತದೆ. ಆ ಬಲವನ್ನು ತಡೆಯುವುದು ಲೋವರ್ ಆರ್ಮಿನ ಹಿಂಬದಿಯ ಬುಷ್. ಅದು ಹರಿದಿದ್ದರೆ ಸಾಧಾರಣ ಸ್ಥಿತಿಯ ಡಿಸ್ಕೂ ಸ್ಟಿಯರಿಂಗನ್ನು ಅಲ್ಲಾಡಿಸಬಲ್ಲದು. ಡಿಸ್ಕ್‌ಗೆ ಸುರಿದ ಹಣ ವ್ಯರ್ಥವಾಗುವುದು ಇಲ್ಲಿಯೇ.

ಟೈರು, ರಿಮ್ ಮತ್ತು ನಡುವಿನ ರಂಧ್ರ

ಟೈರಿನ ಪಕ್ಕದಲ್ಲಿ ಉಬ್ಬು ಬಂದಿದೆಯೇ ನೋಡಿ. ಬಂದಿದ್ದರೆ ಒಳಗಿನ ನೂಲು ಕಡಿದಿದೆ ಎಂದರ್ಥ. ಆ ಟೈರಿಗೆ ರಿಪೇರಿಯಿಲ್ಲ. ಟ್ರೆಡ್ಡಿನ ಮೇಲೆ ಅಂಗೈ ಸವರಿದಾಗ ಅಲೆಅಲೆಯಾಗಿ ತಗ್ಗು ಸಿಕ್ಕರೆ ಶಾಕ್ ಅಬ್ಸಾರ್ಬರ್ ದುರ್ಬಲವಾಗಿದೆ ಎಂಬ ಸೂಚನೆ. ಸ್ಪೋರ್ಟ್ಸ್ ಕಾರಿನ ಶಾಕ್ ಅಬ್ಸಾರ್ಬರನ್ನು ಬಾನೆಟ್ ಒತ್ತಿ ಕುಲುಕಿ ನೋಡಿ ತೀರ್ಮಾನಿಸುವುದು ಸರಿಯಲ್ಲ, ಅದರ ಸ್ಪ್ರಿಂಗೇ ಗಟ್ಟಿ. ಟೈರಿನ ಗೋಡೆಯ ಮೇಲೆ ಅಚ್ಚಾದ ನಾಲ್ಕಂಕಿಯ ತಯಾರಿಕಾ ಸಂಖ್ಯೆಯನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರ. ಭಾನುವಾರ ಮಾತ್ರ ಹೊರಬರುವ ಕಾರುಗಳ ಟೈರಿನಲ್ಲಿ ಟ್ರೆಡ್ ಹೊಸದರಂತೆ ಉಳಿದಿದ್ದು ರಬ್ಬರ್ ಮಾತ್ರ ಕಲ್ಲಿನಂತಾಗಿರುವುದುಂಟು. ತಿಂಗಳುಗಟ್ಟಲೆ ನಿಂತ ಕಾರಿನ ಟೈರು ನೆಲ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. 15-20 ಕಿ.ಮೀ. ಓಡಿ ಬಿಸಿಯಾದ ಮೇಲೆ ನಡುಕ ಹೋದರೆ ಕಾರಣ ಅದೇ.

ರಿಮ್ಮಿನ ಮಾತು ಬಂದಾಗ ಬೆಂಗಳೂರಿನ ರಸ್ತೆಗಳನ್ನು ನೆನೆಯದಿರಲು ಆಗದು. ತೆಳ್ಳನೆಯ ಗೋಡೆಯ ಟೈರು ತೊಟ್ಟ ಕಾರು ಒಂದು ಗುಂಡಿಗೆ ಬಿದ್ದರೆ ಪೆಟ್ಟು ನೇರವಾಗಿ ಅಲಾಯ್ ರಿಮ್ಮಿಗೆ. ಹೊರ ಅಂಚು ಸರಿಯಾಗಿದ್ದು ಒಳ ಅಂಚು ಬಾಗಿರುವುದು ಸಾಮಾನ್ಯ. ನಿಂತು ನೋಡಿದವರಿಗೆ ಅದು ಕಾಣುವುದೇ ಇಲ್ಲ. ಚಕ್ರವನ್ನು ಯಂತ್ರದ ಮೇಲೆ ತಿರುಗಿಸಿ, ಡಯಲ್ ಗೇಜ್ ಹಿಡಿದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬಾಗಿದ ರಿಮ್ಮನ್ನೂ ಸೀಸದ ತುಂಡು ಅಂಟಿಸಿ 'ಬ್ಯಾಲೆನ್ಸ್' ಮಾಡಬಹುದು. ಯಂತ್ರ ಸೊನ್ನೆ ತೋರಿಸುತ್ತದೆ, ರಸ್ತೆಯಲ್ಲಿ ಚಕ್ರ ಕುಣಿಯುತ್ತದೆ. ಟೈರಿನ ಮೇಲೆ ರೋಲರ್ ಒತ್ತಿ ಭಾರ ಹೊತ್ತಾಗಿನ ಏರಿಳಿತ ಅಳೆಯುವ ರೋಡ್ ಫೋರ್ಸ್ ಯಂತ್ರ ಸಿಕ್ಕರೆ ಅಲ್ಲಿಗೇ ಹೋಗುವುದು ಲೇಸು.

ಅಂದಕ್ಕಾಗಿ ಬೇರೆ ರಿಮ್ ಹಾಕಿಸಿದವರು ನಡುವಿನ ರಂಧ್ರದ ಅಳತೆ ಕೇಳಬೇಕು. ಝಡ್3ರ ಹಬ್ಬಿನ ವ್ಯಾಸ 72.6 ಮಿ.ಮೀ. ರಿಮ್ಮಿನ ರಂಧ್ರ ಅದಕ್ಕಿಂತ ದೊಡ್ಡದಿದ್ದರೆ ನಡುವೆ ಸರಿಯಾದ ಉಂಗುರ ಬೇಕು. ಇಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ, ಯಾವ ಬ್ಯಾಲೆನ್ಸಿಂಗೂ ಅದನ್ನು ಸರಿಪಡಿಸದು.

ಕುಡುಗೋಲಿನಂಥ ಆರ್ಮ್

ಇವೆಲ್ಲ ಸರಿಯಿದ್ದರೆ ಈಗ ಕಾರಿನ ಕೆಳಗೆ ಹೋಗಬೇಕು. ಬರೀ ಜಾಕ್ ನಂಬಿ ಯಾರೂ ಕಾರಿನಡಿ ನುಸುಳಬಾರದು. ಆಕ್ಸಲ್ ಸ್ಟ್ಯಾಂಡ್ ಕಡ್ಡಾಯ.

ಝಡ್3ರ ಲೋವರ್ ಆರ್ಮ್ ಕುಡುಗೋಲಿನಂತೆ ಬಾಗಿದ ಒಂದೇ ತುಂಡು. ಹೊರತುದಿಯ ಬಾಲ್ ಜಾಯಿಂಟ್ ಚಕ್ರದ ಕಡೆಗೆ, ನಡುವಿನ ಬಾಲ್ ಜಾಯಿಂಟ್ ಸಬ್‌ಫ್ರೇಮ್‌ಗೆ, ಹಿಂತುದಿ ರಬ್ಬರ್ ಬುಷ್‌ನೊಳಗೆ. ಹಿಂದಿನ ಬುಷ್ ಹರಿದರೆ ಇಡೀ ಆರ್ಮ್ ನಡುವಿನ ಜಾಯಿಂಟ್ ಸುತ್ತ ಅತ್ತಿತ್ತ ಆಡುತ್ತದೆ, ಚಕ್ರ ಹಿಂದೆ ಮುಂದೆ ಸರಿಯುತ್ತದೆ. ಆದರೆ ಟೈ ರಾಡ್ ಚಕ್ರವನ್ನು ಒಂದು ಕಡೆ ಹಿಡಿದೇ ಇರುತ್ತದೆಯಲ್ಲ? ಹಾಗಾಗಿ ಹಿಂದೆ ಮುಂದೆ ಸರಿದ ಚಕ್ರ ಎಡಬಲಕ್ಕೆ ತಿರುಗಲೇಬೇಕು. ಅದೇ ತಿರುವು ಟೈ ರಾಡ್ ಮೂಲಕ ಸ್ಟಿಯರಿಂಗ್ ರ್‍ಯಾಕಿಗೆ, ಅಲ್ಲಿಂದ ನಮ್ಮ ಕೈಗೆ.

ಬುಷ್ ಪರೀಕ್ಷಿಸಲು ಆರ್ಮ್ ಮತ್ತು ಬ್ರಾಕೆಟ್ ನಡುವೆ ಸಣ್ಣ ಹಾರೆ ತೂರಿಸಿ ಮೆಲ್ಲಗೆ ಮೀಟಿ ನೋಡುತ್ತಾರೆ. ರಬ್ಬರಿನಲ್ಲಿ ಮೇಲ್ಮೈ ಬಿರುಕು ಇದ್ದ ಮಾತ್ರಕ್ಕೆ ಗಾಬರಿ ಬೇಡ, ಹಳೆಯ ರಬ್ಬರ್ ಬಿರಿಯುತ್ತದೆ. ಮೀಟಿದಾಗ ಬಿರುಕು ಬಾಯಿ ತೆರೆದು ಆರ್ಮ್ ಸಲೀಸಾಗಿ ಸರಿದರೆ ಬುಷ್ ಮುಗಿದಿದೆ.

ಜಾಯಿಂಟ್‌ಗಳಿಗೆ ಬೇರೆ ವಿಧಾನ. ಎತ್ತಿದ ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಟೈ ರಾಡ್ ಎಂಡ್ ಅಥವಾ ರ್‍ಯಾಕಿನ ಒಳಜಾಯಿಂಟ್. 12 ಮತ್ತು 6ರಲ್ಲಿ ಹಿಡಿದಾಗ ಸಡಿಲವಿದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇವೆರಡನ್ನು ಬೇರ್ಪಡಿಸಲು ಒಂದು ಹಳೆಯ ಉಪಾಯವಿದೆ: ಒಬ್ಬರನ್ನು ಕಾರಿನಲ್ಲಿ ಕೂರಿಸಿ ಬ್ರೇಕ್ ಒತ್ತಿಸಿ. ಸಡಿಲ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಝಡ್3ರಲ್ಲಿ ಸ್ಪ್ರಿಂಗಿನ ಭಾರ ಸ್ಟ್ರಟ್ ಮೇಲೆ ಬೀಳುವುದರಿಂದ ಚಕ್ರ ತೂಗಾಡುತ್ತಿರುವಾಗಲೇ ಹೀಗೆ ನೋಡಬಹುದು. ಸ್ಪ್ರಿಂಗ್ ಕೆಳ ಆರ್ಮಿನ ಮೇಲೆ ಕುಳಿತಿರುವ ಕಾರುಗಳಲ್ಲಿ ಆರ್ಮಿನ ಕೆಳಗೇ ಜಾಕ್ ಕೊಟ್ಟು ಭಾರ ಇಳಿಸದಿದ್ದರೆ, ಪೂರ್ತಿ ಸವೆದ ಜಾಯಿಂಟೂ ಬಿಗಿಯಾಗಿಯೇ ತೋರುತ್ತದೆ. ತಪಾಸಣೆಯಲ್ಲಿ 'ಪಾಸ್' ಆದ ಕಾರು ಮರುದಿನ ಕೈಕೊಡುವುದಕ್ಕೆ ಇಂಥ ಎಡವಟ್ಟು ಸಾಕು.

ಹೊಸ ಬುಷ್ ಹಾಳಾಗುವ ಬಗೆ

ಬುಷ್ ಅಗ್ಗದ ವಸ್ತು, ಕೂರಿಸುವ ಕ್ರಮ ಮಾತ್ರ ಸೂಕ್ಷ್ಮ. ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಬೇಕು. ಆರ್ಮಿನ ತುದಿಗೆ ರಬ್ಬರನ್ನು ತಳ್ಳುವಾಗ ಗ್ರೀಸ್ ಅಥವಾ ಎಂಜಿನ್ ಆಯಿಲ್ ಸವರಿದರೆ ರಬ್ಬರ್ ಕೊಳೆಯುತ್ತದೆ. ಅದು ಆರ್ಮಿಗೆ ಅಂಟಿಕೊಳ್ಳುವುದೂ ಇಲ್ಲ. ಸಾಬೂನು ನೀರಿನಂಥ, ಒಣಗಿಹೋಗುವ ದ್ರವ ಬಳಸಬೇಕು. ಒಣಗುವ ಮೊದಲೇ, ಅಂದರೆ ಅರ್ಧ ಗಂಟೆಯೊಳಗೆ, ಕಾರನ್ನು ನೆಲಕ್ಕಿಳಿಸಿ ಭಾರ ಹೊರಿಸಬೇಕು. ಚಕ್ರ ತೂಗಾಡುವ ಸ್ಥಿತಿಯಲ್ಲೇ ಅಂಟಿಕೊಂಡರೆ, ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಬಾಲ್ ಜಾಯಿಂಟಿನ ಲಾಕ್ ನಟ್ಟುಗಳನ್ನು ಮತ್ತೆ ಬಳಸಬಾರದು. ರಬ್ಬರಿನ ಬದಲು ಪಾಲಿಯುರೆಥೇನ್ ಬುಷ್ ಹಾಕಿಸುವವರಿದ್ದಾರೆ. ಬಾಳಿಕೆ, ಬಿಗಿ ಎರಡೂ ಹೆಚ್ಚು; ರಸ್ತೆಯ ಪ್ರತಿ ಕಲ್ಲೂ ಕೈಗೆ ತಿಳಿಯುತ್ತದೆ. ದಿನಬಳಕೆಗೆ ರಬ್ಬರೇ ಮೇಲು ಎಂಬುದು ಈ ವರದಿಗಾರನ ಅಭಿಪ್ರಾಯ.

ಕೆಲಸದ ಬಳಿಕ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಚಕ್ರದ ಬೋಲ್ಟುಗಳನ್ನು ಗಾಳಿ ಗನ್ನಿನಿಂದ ಬಿಗಿದು ಕೈತೊಳೆದುಕೊಳ್ಳದೆ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ, ಎದುರುಬದುರಾಗಿ ಬಿಗಿಯಬೇಕು. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು.

ಹಿಂಬದಿಯಿಂದ 'ಠಕ್' ಎಂಬ ಸದ್ದು ಬರುತ್ತಿದ್ದರೆ ಝಡ್3ರ ಮಾಲೀಕರು ಡಿಕ್ಕಿಯ ಹಾಸನ್ನೂ ಎತ್ತಿ ನೋಡುವುದು ಒಳಿತು. ಡಿಫರೆನ್ಷಿಯಲ್ ನೇತುಬಿದ್ದಿರುವ ಜಾಗದಲ್ಲಿ ತಗಡಿನ ಸ್ಪಾಟ್ ವೆಲ್ಡ್ ಕಿತ್ತುಬರುವುದು ಈ ಮಾದರಿಯ ಹೆಸರಾಂತ ದೌರ್ಬಲ್ಯ. ಅದಕ್ಕೆ ಬುಷ್ ಮದ್ದಲ್ಲ, ವೆಲ್ಡಿಂಗ್ ಬೇಕು.

ಸವೆದ ಬುಷ್‌ನೊಂದಿಗೆ ನಿಧಾನವಾಗಿ ಗ್ಯಾರೇಜು ತಲುಪಬಹುದು. ಟೈರಿನ ಉಬ್ಬು, ಸಡಿಲಗೊಂಡ ಚಕ್ರದ ಬೋಲ್ಟು, ಕೈಗೆ ತಿಳಿಯುವಷ್ಟು ಆಡುವ ಬಾಲ್ ಜಾಯಿಂಟ್ ಈ ಮಾತಿಗೆ ಹೊರತು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿ ಹೊರಕ್ಕೆ ವಾಲುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಅಂಥ ಕಾರನ್ನು ಓಡಿಸದೆ ಟೋಯಿಂಗ್ ವಾಹನದ ಮೇಲೆ ಹೊತ್ತು ಒಯ್ಯಬೇಕು.