ಸಿಎ ಫೌಂಡೇಶನ್: ಮನೆಯಲ್ಲೇ ಓದಿ ಉತ್ತೀರ್ಣರಾಗುವುದು ಹೇಗೆ?

ದ್ವಿತೀಯ ಪಿಯುಸಿ ಮುಗಿಸಿ ನೇರವಾಗಿ ಲೆಕ್ಕಪರಿಶೋಧಕ ವೃತ್ತಿಯತ್ತ ಹೊರಡುವವರು ದಾಟಲೇಬೇಕಾದ ಮೊದಲ ಹೊಸ್ತಿಲು ಸಿಎ ಫೌಂಡೇಶನ್ ಪರೀಕ್ಷೆ. ತರಬೇತಿ ಕೇಂದ್ರಗಳ ಶುಲ್ಕ ಭರಿಸಲಾಗದ, ಅಥವಾ ಅಂತಹ ಕೇಂದ್ರಗಳೇ ಇಲ್ಲದ ಊರುಗಳ ವಿದ್ಯಾರ್ಥಿಗಳು ಮನೆಯಲ್ಲೇ ಕುಳಿತು ಇದಕ್ಕೆ ಸಿದ್ಧರಾಗಬಹುದೇ ಎಂಬುದು ಅನೇಕ ಪೋಷಕರ ಪ್ರಶ್ನೆ. ನಿಯಮಗಳ ಪ್ರಕಾರ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ಖಾಸಗಿ ತರಬೇತಿ ಕಡ್ಡಾಯವಲ್ಲ.

ಆದರೆ ಪರೀಕ್ಷೆ ಸುಲಭದ್ದಲ್ಲ. 2024ರ ಜೂನ್ ಪರೀಕ್ಷೆಗೆ ದೇಶಾದ್ಯಂತ 91,900 ಮಂದಿ ಹಾಜರಾಗಿದ್ದರು. ಅವರಲ್ಲಿ ಉತ್ತೀರ್ಣರಾದವರು 13,749 ಮಂದಿ, ಅಂದರೆ ಶೇ. 14.96. ಮನೆಯಲ್ಲಿ ಓದುವವರಿಗೆ ಪಠ್ಯದ ಕೊರತೆ ಇಲ್ಲ. ಅವರಿಗೆ ಎದುರಾಗುವ ಕೊರತೆ ಎರಡು: ಕೈಯಾರೆ ಬರೆದು ಅಭ್ಯಾಸ ಮಾಡದಿರುವುದು ಹಾಗೂ ಬರೆದದ್ದನ್ನು ತಿದ್ದುವವರು ಇಲ್ಲದಿರುವುದು.

ಪರೀಕ್ಷೆಯ ಸ್ವರೂಪ

1949ರ ಕಾಯ್ದೆಯನ್ವಯ ಸ್ಥಾಪಿತವಾದ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ (ಐಸಿಎಐ) ಈ ಪರೀಕ್ಷೆ ನಡೆಸುತ್ತದೆ. 2006ರಲ್ಲಿ ಜಾರಿಗೆ ಬಂದ ಸಿಪಿಟಿ ಎಂಬ ವಸ್ತುನಿಷ್ಠ ಪರೀಕ್ಷೆಯ ಬದಲಿಗೆ 2017ರ ಯೋಜನೆಯಲ್ಲಿ ಫೌಂಡೇಶನ್ ಬಂದಿತು. 2023ರ ಜುಲೈ 1ರಿಂದ ಜಾರಿಯಾದ ಹೊಸ ಯೋಜನೆಯಂತೆ ತಲಾ 100 ಅಂಕಗಳ ನಾಲ್ಕು ಪತ್ರಿಕೆಗಳಿವೆ.

ಮೊದಲನೆಯದು ಲೆಕ್ಕಶಾಸ್ತ್ರ, ಎರಡನೆಯದು ವ್ಯವಹಾರ ಕಾನೂನು. ಇವೆರಡೂ ಮೂರು ಗಂಟೆಗಳ ವಿವರಣಾತ್ಮಕ ಪತ್ರಿಕೆಗಳು. ಮೂರನೆಯದರಲ್ಲಿ ವ್ಯವಹಾರ ಗಣಿತಕ್ಕೆ 40, ತಾರ್ಕಿಕ ಚಿಂತನೆಗೆ 20 ಹಾಗೂ ಸಂಖ್ಯಾಶಾಸ್ತ್ರಕ್ಕೆ 40 ಅಂಕಗಳಿವೆ. ನಾಲ್ಕನೆಯದು ವ್ಯವಹಾರ ಅರ್ಥಶಾಸ್ತ್ರ. ಕೊನೆಯ ಎರಡೂ ಎರಡು ಗಂಟೆಗಳ ವಸ್ತುನಿಷ್ಠ ಪತ್ರಿಕೆಗಳಾಗಿದ್ದು, ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಾಗುತ್ತದೆ. 60 ಉತ್ತರ ಸರಿಯಾಗಿ 40 ತಪ್ಪಾದರೆ ಕೈಗೆ ಸಿಗುವುದು 50 ಅಂಕ ಮಾತ್ರ.

ಉತ್ತೀರ್ಣರಾಗಲು ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಹಾಗೂ ಒಟ್ಟು 400ರಲ್ಲಿ 200 ಅಂಕ ಬೇಕು. ನಾಲ್ಕರಲ್ಲೂ 40 ಪಡೆದವರ ಮೊತ್ತ 160 ಮಾತ್ರವಾಗುವುದರಿಂದ ಅವರು ಅನುತ್ತೀರ್ಣರು. ಎರಡು ಪತ್ರಿಕೆಗಳಲ್ಲಾದರೂ 60ರ ಗುರಿ ಇಟ್ಟುಕೊಳ್ಳುವುದು ಕ್ಷೇಮ.

ನೋಂದಣಿ

ಎಸ್ಸೆಸ್ಸೆಲ್ಸಿ ಬಳಿಕವೇ ತಾತ್ಕಾಲಿಕ ನೋಂದಣಿಗೆ ಅವಕಾಶವಿದೆ. ಆದರೆ ಪರೀಕ್ಷೆ ಬರೆಯಲು ದ್ವಿತೀಯ ಪಿಯುಸಿ ಪರೀಕ್ಷೆಗೆ ಹಾಜರಾಗಿರಬೇಕು ಹಾಗೂ ನೋಂದಣಿಯ ನಂತರ ನಾಲ್ಕು ತಿಂಗಳ ಅಧ್ಯಯನ ಅವಧಿ ಪೂರೈಸಿರಬೇಕು. 2024ರಿಂದ ವರ್ಷಕ್ಕೆ ಮೂರು ಬಾರಿ ಪರೀಕ್ಷೆ ನಡೆಯುತ್ತಿದೆ. ಮೇ-ಜೂನ್ ಪರೀಕ್ಷೆಗೆ ಜನವರಿ 1ರೊಳಗೆ, ಸೆಪ್ಟೆಂಬರ್ ಪರೀಕ್ಷೆಗೆ ಮೇ 1ರೊಳಗೆ, ಜನವರಿ ಪರೀಕ್ಷೆಗೆ ಹಿಂದಿನ ಸೆಪ್ಟೆಂಬರ್ 1ರೊಳಗೆ ನೋಂದಣಿ ಆಗಿರಬೇಕು. ಈ ದಿನಾಂಕ ತಪ್ಪಿದವರು ಮುಂದಿನ ಸರದಿಗೆ ಕಾಯಬೇಕಾಗುತ್ತದೆ.

ಕನ್ನಡ ಮಾಧ್ಯಮದವರ ತೊಡಕು

ಈ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು. ವಾಣಿಜ್ಯ ವಿಭಾಗದಲ್ಲಿ ಕನ್ನಡದಲ್ಲೇ ಪಿಯುಸಿ ಓದಿದವರಿಗೆ ವಿಷಯ ತಿಳಿದಿದ್ದರೂ ಪರಿಭಾಷೆ ಹೊಸದು. ದಿನವಹಿ 'ಜರ್ನಲ್' ಆಗುತ್ತದೆ, ತಾಳೆ ಪಟ್ಟಿ 'ಟ್ರಯಲ್ ಬ್ಯಾಲೆನ್ಸ್', ಸವಕಳಿ 'ಡಿಪ್ರಿಸಿಯೇಷನ್', ಅಡಾವೆ ಪತ್ರಿಕೆ 'ಬ್ಯಾಲೆನ್ಸ್ ಶೀಟ್' ಆಗುತ್ತದೆ. ಓದು ಆರಂಭಿಸುವ ದಿನದಿಂದಲೇ ಎರಡು ಕಾಲಂಗಳ ಪದಪಟ್ಟಿಯೊಂದನ್ನು ಬರೆದಿಟ್ಟುಕೊಳ್ಳುವುದು ಒಳಿತು. ಲೆಕ್ಕಶಾಸ್ತ್ರದಲ್ಲಿ ಅಂಕಿಗಳು ಆಸರೆಯಾಗುತ್ತವೆ. ಕಾನೂನಿನಲ್ಲಿ ಭಾಷೆಯೇ ಉತ್ತರ. ಆದ್ದರಿಂದ ಕಾನೂನನ್ನು ಕೊನೆಗೆ ಉಳಿಸಿಕೊಳ್ಳುವುದು ಇಂತಹ ವಿದ್ಯಾರ್ಥಿಗಳಿಗೆ ದುಬಾರಿಯಾದೀತು.

ಓದುವ ಕ್ರಮ

ಸಂಸ್ಥೆಯ ಅಧ್ಯಯನ ಸಾಮಗ್ರಿ, ಪುನರಾವರ್ತನ ಪತ್ರಿಕೆಗಳು, ಅಣಕು ಪರೀಕ್ಷಾ ಪತ್ರಿಕೆಗಳು ಹಾಗೂ ವಿವರಣಾತ್ಮಕ ಪತ್ರಿಕೆಗಳ ಸೂಚಿತ ಉತ್ತರಗಳು ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಲಭ್ಯವಿವೆ. ಪುಸ್ತಕಗಳ ರಾಶಿ ಹಾಕಿಕೊಳ್ಳುವ ಬದಲು ಇವನ್ನೇ ಎರಡು-ಮೂರು ಬಾರಿ ತಿರುವಿಹಾಕುವುದು ಲೇಸು.

ನಾಲ್ಕು ತಿಂಗಳೆಂದರೆ ಸುಮಾರು 16 ವಾರ. ಮೊದಲ ಹತ್ತು ವಾರಗಳಲ್ಲಿ ಪಠ್ಯ ಮುಗಿಸಿ, ನಂತರದ ನಾಲ್ಕು ವಾರಗಳನ್ನು ಪುನರಾವರ್ತನೆಗೆ, ಕೊನೆಯ ಎರಡು ವಾರಗಳನ್ನು ಗಡಿಯಾರ ಮುಂದಿಟ್ಟುಕೊಂಡು ಪೂರ್ಣ ಪತ್ರಿಕೆ ಬರೆಯಲು ಮೀಸಲಿಡಬಹುದು. ಪರೀಕ್ಷೆ ಮಧ್ಯಾಹ್ನ 2 ಗಂಟೆಗೆ ಆರಂಭವಾಗುವುದರಿಂದ ಅಣಕು ಪರೀಕ್ಷೆಯನ್ನೂ ಅದೇ ಹೊತ್ತಿಗೆ ಬರೆಯುವುದು ಸೂಕ್ತ. ಊಟದ ನಂತರದ ಜೊಂಪು ಆಗಲೇ ಅಭ್ಯಾಸಕ್ಕೆ ಬೀಳುತ್ತದೆ.

ಲೆಕ್ಕಶಾಸ್ತ್ರವನ್ನು ಕಣ್ಣಿನಲ್ಲಿ ಓದಿ ಕಲಿಯಲಾಗದು. ಉದಾಹರಣೆಗೆ, ವ್ಯಾಪಾರಿಯ ನಗದು ಪುಸ್ತಕದ ಬ್ಯಾಂಕ್ ಕಾಲಂ 20,000 ರೂ. ಶಿಲ್ಕು ತೋರಿಸುತ್ತಿದೆ, ಆತ ನೀಡಿದ 5,000 ರೂ. ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗಿಲ್ಲ. ಹಾಗಿದ್ದಲ್ಲಿ ಪಾಸ್ ಪುಸ್ತಕದಲ್ಲಿ 25,000 ರೂ. ಇರುತ್ತದೆ. ಓದುವಾಗ ಇದು ಸರಳ. ಇಂತಹ ಎಂಟು-ಹತ್ತು ವ್ಯತ್ಯಾಸಗಳು ಒಂದೇ ಲೆಕ್ಕದಲ್ಲಿ ಬಂದಾಗ ಕೂಡಬೇಕೋ ಕಳೆಯಬೇಕೋ ಎಂಬ ಗೊಂದಲ ಬರೆದವರಿಗಷ್ಟೇ ನಿವಾರಣೆಯಾಗುತ್ತದೆ.

ಕಾನೂನಿನ ಉತ್ತರಕ್ಕೂ ಒಂದು ಚೌಕಟ್ಟಿದೆ. ಮೊದಲು ನಿಯಮ, ನಂತರ ಪ್ರಶ್ನೆಯಲ್ಲಿನ ಸಂಗತಿಗೆ ಅದರ ಅನ್ವಯ, ಕೊನೆಗೆ ತೀರ್ಮಾನ. ಅಪ್ರಾಪ್ತ ವಯಸ್ಕನೊಬ್ಬ ಸಾಲಪತ್ರ ಬರೆದುಕೊಟ್ಟ ಪ್ರಶ್ನೆ ಬಂದರೆ 1872ರ ಕರಾರು ಕಾಯ್ದೆಯ 11ನೇ ಕಲಮು ಹಾಗೂ ಅಂತಹ ಕರಾರು ಅನೂರ್ಜಿತವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ ನೀಡಿದ ಮೊಹೋರಿ ಬೀಬಿ ಪ್ರಕರಣದ ತೀರ್ಪು ಉತ್ತರದಲ್ಲಿರಬೇಕು. ಬರಿಯ 'ಕರಾರು ಸಿಂಧುವಲ್ಲ' ಎಂಬ ಒಂದು ಸಾಲಿಗೆ ಪೂರ್ಣ ಅಂಕ ಸಿಗದು.

ತಿದ್ದುವವರು ಯಾರು?

ಸೂಚಿತ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು ತಮ್ಮ ಉತ್ತರಕ್ಕೆ ತಾವೇ ಕೆಂಪು ಶಾಯಿಯಲ್ಲಿ ಅಂಕ ಹಾಕಿಕೊಳ್ಳುವುದು ಮೊದಲ ದಾರಿ. ತಪ್ಪುಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟರೆ ಕೊನೆಯ ವಾರ ಓದಬೇಕಾದದ್ದೇನೆಂದು ತಾನಾಗಿ ತಿಳಿಯುತ್ತದೆ. ಪಿಯು ಕಾಲೇಜಿನ ಲೆಕ್ಕಶಾಸ್ತ್ರ ಉಪನ್ಯಾಸಕರು ಹತ್ತು ಉತ್ತರ ನೋಡಿಕೊಟ್ಟರೂ ದೊಡ್ಡ ಉಪಕಾರ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ ಮೊದಲಾದೆಡೆ ಸಂಸ್ಥೆಯ ಶಾಖೆಗಳಿದ್ದು, ಅಲ್ಲಿಯೂ ವಿದ್ಯಾರ್ಥಿಗಳು ಮಾರ್ಗದರ್ಶನ ಕೋರಬಹುದು.

ಮೊದಲ ಯತ್ನದಲ್ಲಿ ಸೋತರೆ ದಾರಿ ಮುಚ್ಚುವುದಿಲ್ಲ. ಬಿ.ಕಾಂ.ಗೆ ಸೇರಿಕೊಂಡೇ ಮತ್ತೆ ಪರೀಕ್ಷೆ ಬರೆಯಬಹುದು. ಅಲ್ಲದೆ ವಾಣಿಜ್ಯ ಪದವಿಯಲ್ಲಿ ಶೇ. 55, ಇತರ ಪದವಿಗಳಲ್ಲಿ ಶೇ. 60 ಅಂಕ ಗಳಿಸಿದವರು ಫೌಂಡೇಶನ್ ಇಲ್ಲದೆಯೇ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ನೋಂದಾಯಿಸಿಕೊಳ್ಳಲು ಅರ್ಹರು. ಮನೆಯ ಆರ್ಥಿಕ ಸ್ಥಿತಿ ನೋಡಿ ಓದಿನ ದಾರಿ ಆಯ್ದುಕೊಳ್ಳಬೇಕಾದ ಕುಟುಂಬಗಳು ಈ ಅಂಶವನ್ನು ನೋಂದಣಿಗೆ ಮುನ್ನವೇ ಅರಿತಿರುವುದು ಒಳ್ಳೆಯದು.