ಆಟಿಸಂ ಮತ್ತು ತಾಯಿಯ ಮೇಲಿನ ಆರೋಪ: ಬಾಲ್ಟಿಮೋರ್‌ನಿಂದ ಮೈಸೂರಿನವರೆಗೆ

ಬಾಲ್ಟಿಮೋರ್‌ನ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ವಿವರ ಪ್ರಕಟಿಸಿ, ಈ ಸ್ಥಿತಿ ಹುಟ್ಟಿನಿಂದಲೇ ಬಂದದ್ದೆಂದು ತೀರ್ಮಾನಿಸಿದರು. ಅದೇ ಲೇಖನದಲ್ಲಿ, ಇವರ ಹೆತ್ತವರಲ್ಲಿ ಅಂತಃಕರಣವುಳ್ಳವರು ಕಡಿಮೆ ಎಂಬ ಮಾತನ್ನೂ ಸೇರಿಸಿದರು. 1949ರಲ್ಲಿ ಅವರು ಮಕ್ಕಳ ಮೇಲಿನ ತಣ್ಣನೆಯ ಧೋರಣೆಗೆ ರೆಫ್ರಿಜರೇಟರಿನ ಹೋಲಿಕೆ ಕೊಟ್ಟದ್ದೂ ತಂದೆತಾಯಿ ಇಬ್ಬರನ್ನೂ ಕುರಿತೇ. ಬರಬರುತ್ತಾ ತಂದೆ ಸದ್ದಿಲ್ಲದೆ ಜಾರಿಕೊಂಡ, 'ರೆಫ್ರಿಜರೇಟರ್ ತಾಯಿ' ಉಳಿದಳು. ಮನಶ್ಶಾಸ್ತ್ರಜ್ಞ ಬ್ರೂನೋ ಬೆಟೆಲ್‌ಹೈಮ್ ತಮ್ಮ 1967ರ ಪುಸ್ತಕದಲ್ಲಿ, ತಾಯಿಯ ತಣ್ಣನೆತನವೇ ಆಟಿಸಂಗೆ ಕಾರಣವೆಂಬ ಈ ಆರೋಪವನ್ನು ಜನಪ್ರಿಯಗೊಳಿಸಿದರು. ಅಷ್ಟರಲ್ಲಾಗಲೇ, 1964ರಲ್ಲಿ, ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ನರಮಂಡಲದ ವಿಷಯವೆಂದು ವಾದಿಸಿದ್ದರು. 1977ರ ಅವಳಿಮಕ್ಕಳ ಅಧ್ಯಯನ ಆನುವಂಶಿಕತೆಯತ್ತ ಬೊಟ್ಟುಮಾಡಿತು.

ಮೈಸೂರಿಗೆ ಈ ಆರೋಪ ಪುಸ್ತಕದ ಮೂಲಕ ಬರಬೇಕಾಗಿರಲಿಲ್ಲ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ಕೆಲಸಕ್ಕೆ ಹೋಗಿ ಮಗುವಿನೊಡನೆ ಮಾತಾಡಲಿಲ್ಲ, ಅತಿಯಾಗಿ ಮುದ್ದು ಮಾಡಿದಳು, ಈಗೀಗ 'ಮೊಬೈಲ್ ಕೊಟ್ಟು ಕೆಡಿಸಿದಳು'. ಒಂದಕ್ಕೊಂದು ತಾಳೆಯಾಗದ ದೂರುಗಳಿವು. ಆರೋಪಿ ಮಾತ್ರ ಒಬ್ಬಳೇ. ಮೊಬೈಲ್ ಮಗುವಿನ ಮಾತುಕತೆಯ ಹೊತ್ತನ್ನು ಕಸಿಯಬಹುದು, ಆದರೆ ಅದೇ ಆಟಿಸಂಗೆ ಕಾರಣವೆಂದು ಸಾಬೀತಾಗಿಲ್ಲ. ತಂದೆಯ ವಯಸ್ಸು ಹೆಚ್ಚಾದಂತೆ ಆಟಿಸಂನ ಸಂಭವ ತುಸು ಏರುತ್ತದೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಅತ್ತೆಮನೆಯ ಜಗಲಿಯಲ್ಲಿ ಆ ಮಾತು ಕೇಳಿಬರುವುದಿಲ್ಲ!

1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದಾಗಿ ಮಾತು ತಡವಾದ ಮಕ್ಕಳಿಗೆ ಈ ಊರು ದೊಡ್ಡ ಆಸರೆ. ಇಂಥ ಯಾವುದೇ ಚಿಕಿತ್ಸಾಲಯದಲ್ಲಿ ಮೊದಲು ತುಂಬುವುದು ಕೇಸ್ ಹಿಸ್ಟರಿ. ಬಸುರಿನಲ್ಲಿ ಜ್ವರ ಬಂದಿತ್ತೆ, ಮಾತ್ರೆ ನುಂಗಿದ್ದಿರಾ, ಸಹಜ ಹೆರಿಗೆಯೋ ಸಿಸೇರಿಯನ್ನೋ, ಮಗು ಹುಟ್ಟಿದ ಕೂಡಲೇ ಅತ್ತಿತೆ? ವೈದ್ಯಕೀಯವಾಗಿ ಇವು ಅಗತ್ಯ ಪ್ರಶ್ನೆಗಳೇ. ಆದರೆ ಪಕ್ಕದಲ್ಲಿ ಅತ್ತೆ ಕೂತಿರುವಾಗ ಪ್ರತಿ ಪ್ರಶ್ನೆಯೂ ಸೊಸೆಗೆ ಪಾಟೀಸವಾಲಿನಂತೆ ಕೇಳಿಸುತ್ತದೆ. ಆಮೇಲೆ ಮಗುವಿಗೆ ಮನೆಯಲ್ಲಿ ಮಾತು ಕಲಿಸುವ ತರಬೇತಿಯ ಸರದಿ. ಇದರಲ್ಲಿ ತಾಯಿಯ ಪಾಲು ಹಿರಿದಾಗಿರುವುದು ಮಗುವಿಗೆ ಒಳ್ಳೆಯದೇ. ಆದರೆ ಮಗು ಮಾತು ಕಲಿಯದಿದ್ದರೆ 'ಮನೆಯಲ್ಲಿ ಸರಿಯಾಗಿ ಹೇಳಿಕೊಡುತ್ತಿಲ್ಲ' ಎಂಬ ತೀರ್ಪು ಬರುವುದೂ ಅವಳ ಮೇಲೆಯೇ. ಹಳೆಯ ಸಿದ್ಧಾಂತ ಆಟಿಸಂನ ಕಾರಣವನ್ನು ತಾಯಿಯ ತಲೆಗೆ ಕಟ್ಟಿತ್ತು. ಇಂದಿನ ರೂಢಿ ಚಿಕಿತ್ಸೆಯ ಸೋಲನ್ನು ಕಟ್ಟುತ್ತಿದೆ. ನನ್ನ ದೃಷ್ಟಿಯಲ್ಲಿ ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು 'ತಾಯಿಯೇ ಮೊದಲ ಗುರು' ಎಂಬ ಹೊಗಳಿಕೆಯ ವೇಷದಲ್ಲಿ ಬರುತ್ತದೆ.

ಚಿಕಿತ್ಸಕರಲ್ಲಿ ಒಂದು ವಿನಂತಿ: ಕೇಸ್ ಹಿಸ್ಟರಿ ಬರೆಯುವ ಮುನ್ನವೇ, ಮನೆಯವರೆಲ್ಲರ ಎದುರು, ಆಟಿಸಂ ಸಾಕಣೆಯ ದೋಷದಿಂದ ಬರುವುದಿಲ್ಲವೆಂದು ಕನ್ನಡದಲ್ಲಿ ಬಿಡಿಸಿ ಹೇಳಿ. ಮುಂದಿನ ತರಬೇತಿಗೆ ತಂದೆಯೂ ಬರಲಿ ಎಂದು ಚೀಟಿಯಲ್ಲಿ ಬರೆದುಕೊಡಿ.